ಹಠ, ಕಿರುಚಾಟ, ಹೊಡೆದಾಟ: ಮಕ್ಕಳ ವರ್ತನೆ ಅಧ್ಯಯನಕ್ಕೆ ಯಾವ ವಿಧಾನ ಆರಿಸೋದು?

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗಳು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಎಂ.ಎ. ಸೈಕಾಲಜಿ, ಎರಡನೇ ವರ್ಷ. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಎರಡೇ ಸಾಲು: "ವಿಷಯ: ಮುಂಬೈ ಕನ್ನಡಿಗರ ಮನೆಗಳಲ್ಲಿ ಮಕ್ಕಳ ವರ್ತನೆಯ ಸಮಸ್ಯೆ. ವಿಧಾನ: ಪ್ರಶ್ನಾವಳಿ."

"ಪ್ರಶ್ನಾವಳಿಯೇ ಯಾಕೆ?" ಎಂದೆ.

"ಎಲ್ಲರೂ ಅದನ್ನೇ ತಗೊಳ್ತಾರೆ ಚಿಕ್ಕಮ್ಮ. ಬೇಗ ಮುಗೀತದೆ."

ಬೇಗ ಮುಗಿಯುವುದು ನಿಜ. ಆದರೆ ಇದು ಚಪ್ಪಲಿ ಕೊಂಡುಕೊಂಡು ಆಮೇಲೆ ಅದಕ್ಕೆ ಸರಿಯಾದ ಕಾಲು ಹುಡುಕಿದ ಹಾಗಾಯ್ತು ಅಲ್ವಾ? ನಾನು ಶಾಲೆಗಳಲ್ಲಿ ಕೌನ್ಸಿಲರ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು. ಪ್ರತಿ ವರ್ಷ ಇಬ್ಬರು ಮೂವರು ಕನ್ನಡದ ಹುಡುಗಿಯರು ಇದೇ ಹಾಳೆ ಹಿಡಿದು ಬರುತ್ತಾರೆ. ಅವಳ ಜೊತೆ ಮಧ್ಯಾಹ್ನದಿಂದ ಸಂಜೆವರೆಗೆ ಆಡಿದ ಮಾತನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮುಂದೆ ಬರುವವರಿಗೆ ಇದನ್ನೇ ಕಳಿಸಿಬಿಡಬಹುದು.

ಮೊದಲು ಪ್ರಶ್ನೆ ಏನು ಹೇಳು

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಒಬ್ಬ ಏಳು ವರ್ಷದ ಹುಡುಗನಿದ್ದಾನೆ. ರಾತ್ರಿ ಊಟದ ಹೊತ್ತಿಗೆ ದಿನಾ ರಂಪ. ಲಿಫ್ಟಿನವರೆಗೆ ಕೇಳುತ್ತದೆ. ಅಮ್ಮ ಶಾಲೆಗೆ ಹೋಗಿ ವಿಚಾರಿಸಿದರೆ ಟೀಚರ್ ಹೇಳಿದ್ದು, "ಖೂಪ್ ಶಾಂತ್ ಮುಲ್ಗಾ ಆಹೇ." ಬಹಳ ಸೌಮ್ಯ ಹುಡುಗ ಅಂತೆ!

ಈ ಒಬ್ಬ ಹುಡುಗನ ಬಗ್ಗೆಯೇ ನಾಲ್ಕು ಥರ ಕೇಳಬಹುದು. ಇಂಥ ಮಕ್ಕಳು ಎಷ್ಟು ಮಂದಿ ಇದ್ದಾರೆ? ರಂಪ ಶುರುವಾಗುವ ಮುಂಚೆ ಏನಾಗುತ್ತದೆ? ದೊಡ್ಡವನಾದ ಮೇಲೂ ಹೀಗೇ ಇರುತ್ತಾನಾ? ಏನು ಮಾಡಿದರೆ ಕಡಿಮೆಯಾಗುತ್ತದೆ? ನಾಲ್ಕಕ್ಕೂ ದಾರಿ ಬೇರೆ ಬೇರೆ. ಮೊದಲನೆಯದಕ್ಕೆ ಪ್ರಶ್ನಾವಳಿ ಮತ್ತು ಸರ್ವೆ, ಎರಡನೆಯದಕ್ಕೆ ವೀಕ್ಷಣೆ, ಮೂರನೆಯದಕ್ಕೆ ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ, ನಾಲ್ಕನೆಯದಕ್ಕೆ ಪ್ರಯೋಗ. ನನ್ನ ಅಕ್ಕನ ಮಗಳಿಗೆ ಬೇಕಾಗಿದ್ದದ್ದು ಎರಡನೆಯದರ ಉತ್ತರ. ಹಾಳೆಯಲ್ಲಿ ಬರೆದಿದ್ದದ್ದು ಮೊದಲನೆಯದರ ವಿಧಾನ.

ಪ್ರಶ್ನಾವಳಿ: ಅಗ್ಗ, ಬೇಗ, ಆದರೆ ಯಾರನ್ನು ಕೇಳುತ್ತೀ?

ಎರಡು ತಿಂಗಳಲ್ಲಿ ನೂರು ಮಕ್ಕಳ ಮಾಹಿತಿ ಬೇಕಾದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಎಸ್‌ಡಿಕ್ಯೂ (ಮಕ್ಕಳ ಗುಣ ಮತ್ತು ತೊಂದರೆಗಳ ಪ್ರಶ್ನಾವಳಿ) ಎಂಬ ಪಟ್ಟಿಯಲ್ಲಿ ಇರುವುದು 25 ವಾಕ್ಯ. ಐದೈದರ ಐದು ಗುಂಪು: ಭಯ ಮತ್ತು ಬೇಸರ, ವರ್ತನೆ, ಚಡಪಡಿಕೆ, ಗೆಳೆಯರ ಜೊತೆಗಿನ ತೊಂದರೆ, ಕೊನೆಗೆ ಒಳ್ಳೆ ಗುಣಗಳದ್ದೊಂದು ಗುಂಪು. ಪ್ರತಿ ವಾಕ್ಯಕ್ಕೆ "ನಿಜವಲ್ಲ", "ಸ್ವಲ್ಪ ನಿಜ", "ಖಂಡಿತ ನಿಜ" ಎಂಬ ಉತ್ತರ ನೋಡಿ 0, 1 ಅಥವಾ 2. ಒಳ್ಳೆ ಗುಣ ಬಿಟ್ಟು ಉಳಿದ ನಾಲ್ಕನ್ನು ಕೂಡಿಸಿದರೆ ಜಾಸ್ತಿ ಅಂದರೆ 40. ಅಮೆರಿಕದ ಥಾಮಸ್ ಅಕೆನ್‌ಬಾಕ್ ಅವರ ಪಟ್ಟಿ ಬಹಳ ಉದ್ದ, ನೂರಕ್ಕೂ ಜಾಸ್ತಿ ವಾಕ್ಯ. ಅದರಲ್ಲಿ ವಿವರ ಜಾಸ್ತಿ ಸಿಗುತ್ತದೆ. ಆದರೆ ಸಂಜೆ ತುಂಬಿದ ಲೋಕಲ್‌ನಲ್ಲಿ ನಿಂತು ಬಂದ ತಾಯಿ ಅರವತ್ತನೇ ವಾಕ್ಯ ದಾಟಿದ ಮೇಲೆ ಓದದೆ ಟಿಕ್ ಹಾಕುತ್ತಾಳೆ. ವಿದ್ಯಾರ್ಥಿಗಳಿಗೆ ನಾನು ಚಿಕ್ಕದನ್ನೇ ಹೇಳುತ್ತೇನೆ.

ಮುಂಬೈಯಲ್ಲಿ ಇನ್ನೊಂದು ತೊಡಕು ಭಾಷೆಯದು. ಮಗು ಮನೆಯಲ್ಲಿ ತುಳು, ಅಜ್ಜನ ಜೊತೆ ಕನ್ನಡ, ಕೆಳಗೆ ಆಡುವಾಗ ಹಿಂದಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ತಾಯಂದಿರ ಮಾತೂ ಹಾಗೇ. ಉಡುಪಿ ಕಡೆಯ ಅಮ್ಮ "ನಮ್ಮವ ಸ್ವಲ್ಪ ಪೋಕ್ರಿ" ಅನ್ನುವಾಗ ಮುಖದಲ್ಲಿ ನಗು ಇರುತ್ತದೆ. ವಿಜಯಪುರದ ಕಡೆಯ ತಾಯಿ "ಉಡಾಳ ಆಗ್ಯಾನ" ಅಂದರೆ ಅಲ್ಲಿ ನಿಜವಾದ ಚಿಂತೆ ಇದೆ. ಇಲ್ಲೇ ಹುಟ್ಟಿ ಬೆಳೆದವಳು "ಮಸ್ತಿ ಮಾಡ್ತಾನೆ" ಎಂದು ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. "ಹಠ" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದೇ ಜಾಗದಲ್ಲಿ "ಮೊಂಡುತನ" ಎಂದು ಬರೆದರೆ ತಾಯಿಗೆ ಬೇಜಾರಾಗುತ್ತದೆ, ಇಲ್ಲ ಅನ್ನುತ್ತಾಳೆ. ಒಂದು ಶಬ್ದ ಬದಲಾಗಿದ್ದಕ್ಕೆ ಅಂಕ ಬದಲಾಯ್ತು. ಅದಕ್ಕೇ ಅನುವಾದ ಮಾಡಿದ ಪಟ್ಟಿಯನ್ನು ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ಹಿಡಿದು ನೋಡುತ್ತಾರೆ. ಅಷ್ಟಾದ ಮೇಲೂ ಐದಾರು ತಾಯಂದಿರ ಮುಂದೆ ಕೂತು, "ಈ ವಾಕ್ಯ ಕೇಳಿದಾಗ ನಿಮಗೆ ಏನು ನೆನಪಾಯ್ತು?" ಎಂದು ಕೇಳಬೇಕು.

ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಒಂದು ಶಾಲೆಯಲ್ಲಿ ಫಾರಂಗಳನ್ನು ಕ್ಲಾಸ್ ಟೀಚರ್ ಕೈಯಲ್ಲಿ ಹಂಚಿಸಿದೆ. ಮೇಲ್ಗಡೆ ರೋಲ್ ನಂಬರ್ ಬರೆಸಿದ್ದರು, ನಾನು ಗಮನಿಸಲಿಲ್ಲ. ವಾಪಸ್ ಬಂದ ನಲವತ್ತು ಫಾರಂಗಳಲ್ಲೂ ಹೊಡೆಯುವುದು ಇಲ್ಲ, ಸುಳ್ಳು ಹೇಳುವುದು ಇಲ್ಲ, ಹಠವಂತೂ ಇಲ್ಲವೇ ಇಲ್ಲ. ನಲವತ್ತು ದೇವರ ಮಕ್ಕಳು! ಆಮೇಲೆ ಒಬ್ಬ ತಾಯಿ ಗೇಟಿನ ಹತ್ತಿರ ಮೆಲ್ಲಗೆ ಕೇಳಿದಳು, "ಬಾಯೀ, ಹೌದು ಅಂತ ಬರೆದ್ರೆ ಟೀಸಿ ಕೊಟ್ಟು ಕಳಿಸ್ತಾರಾ?" ಎಲ್ಲ ಕಸದ ಬುಟ್ಟಿಗೆ ಹೋಯ್ತು. ಈಗ ಅಂಟಿಸಿದ ಲಕೋಟೆ, ಹೆಸರಿನ ಬದಲು ನನ್ನದೇ ಕೋಡ್, ನೇರ ನನ್ನ ಕೈಗೆ.

ಇನ್ನು ಆ ಮೂರನೇ ಮಾಳಿಗೆಯ ಹುಡುಗ. ಅಮ್ಮ ಒಂದು ಹೇಳುತ್ತಾಳೆ, ಟೀಚರ್ ಇನ್ನೊಂದು. ಯಾರದು ಸುಳ್ಳು? 1987ರಲ್ಲಿ ಅಕೆನ್‌ಬಾಕ್ ಮತ್ತು ಜೊತೆಗಾರರು 119 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದನ್ನೇ ಲೆಕ್ಕ ಹಾಕಿದರು. 0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ ಎಂದಿಟ್ಟುಕೊಳ್ಳಿ. ಅಪ್ಪ ಮತ್ತು ಅಮ್ಮನ ಹಾಗೆ ಮಗುವನ್ನು ಒಂದೇ ಜಾಗದಲ್ಲಿ ನೋಡುವವರ ನಡುವೆ ಸರಾಸರಿ 0.60. ಪೋಷಕರು ಮತ್ತು ಟೀಚರ್‌ಗಳ ಹಾಗೆ ಬೇರೆ ಬೇರೆ ಜಾಗದಲ್ಲಿ ನೋಡುವವರ ನಡುವೆ ಬರೀ 0.28. ಮಗು ತಾನೇ ಹೇಳಿಕೊಂಡದ್ದಕ್ಕೂ ಉಳಿದವರು ಹೇಳಿದ್ದಕ್ಕೂ ಇನ್ನೂ ಕಡಿಮೆ, 0.22. ಹಾಗಾಗಿ ಅಮ್ಮ ಮತ್ತು ಟೀಚರ್ ಹೇಳುವುದು ತಾಳೆಯಾಗದಿದ್ದರೆ ಗಾಬರಿ ಬೇಡ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸುವುದಂತೂ ಬೇಡವೇ ಬೇಡ. ಶಾಲೆಯಲ್ಲಿ ಸುಮ್ಮನಿರುವ ಹುಡುಗ ಮನೆಯಲ್ಲಿ ಕಿರುಚುತ್ತಾನೆ ಅಂದರೆ, ನೋಡಬೇಕಾದ್ದು ಮನೆಯಲ್ಲಿ ಏನಿದೆ ಅನ್ನುವುದನ್ನು. ನನ್ನ ಮಟ್ಟಿಗೆ ಇಡೀ ಕೆಲಸದ ರುಚಿ ಇರುವುದೇ ಈ ವ್ಯತ್ಯಾಸದಲ್ಲಿ.

ಎಷ್ಟು ಮಂದಿ ಎಂದು ಎಣಿಸುವ ಸರ್ವೆ

ಗೋವಾದಲ್ಲಿ 12ರಿಂದ 16 ವರ್ಷದ 2048 ಮಕ್ಕಳನ್ನು ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಾವುದಾದರೂ ಮಾನಸಿಕ ಕಾಯಿಲೆ ಇದ್ದವರು 1.81%. ಬೆಂಗಳೂರಿನ ನಗರ ಮತ್ತು ಹಳ್ಳಿಗಳ 2064 ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12.5%. ಸುಮಾರು ಏಳು ಪಟ್ಟು! ಹಾಗಂತ ಗೋವಾದ ಮಕ್ಕಳು ಬೆಂಗಳೂರಿನವರಿಗಿಂತ ಏಳು ಪಟ್ಟು ನೆಮ್ಮದಿಯಾಗಿದ್ದಾರೆ ಎಂದು ಬರೆದರೆ ಗೈಡ್ ಅಲ್ಲೇ ಕೆಂಪು ಗೆರೆ ಎಳೆಯುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಕೂಸಿನಿಂದ 16 ವರ್ಷದವರೆಗೆ ನೋಡಿದ್ದರು. ರಾತ್ರಿ ಹಾಸಿಗೆ ಒದ್ದೆ ಮಾಡುವುದು, ತೊದಲು, ಅಳುತ್ತ ಉಸಿರು ಕಟ್ಟುವುದು ಎಲ್ಲ ಆ ಲೆಕ್ಕದಲ್ಲಿತ್ತು. ಹದಿಮೂರು ವರ್ಷದವರಲ್ಲಿ ಇವೆಲ್ಲ ಅಷ್ಟಾಗಿ ಕಾಣುವುದಿಲ್ಲ. ಅದೇ ಬೆಂಗಳೂರಿನ ಅಧ್ಯಯನದಲ್ಲಿ, ದಿನದ ಬದುಕಿಗೆ ನಿಜವಾಗಿ ಅಡ್ಡಿಯಾಗುವಷ್ಟು ತೊಂದರೆ ಯಾರಿಗಿದೆ ಎಂದು ನೋಡಿದಾಗ 4ರಿಂದ 16 ವರ್ಷದವರಲ್ಲಿ ಅಂಥವರು 5.3% ಮಾತ್ರ. ಜರಡಿಯ ಕಣ್ಣು ಎಷ್ಟು ದೊಡ್ಡದು ಅನ್ನುವುದರ ಮೇಲೆ ಕಾಳಿನ ಲೆಕ್ಕ.

ಇಂಥ ಸರ್ವೆ ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಮುಂಬೈಯ ಕನ್ನಡಿಗರ ಪಟ್ಟಿ ಯಾರ ಹತ್ತಿರವೂ ಸಿಗುವುದಿಲ್ಲ. ಮಾಟುಂಗಾದ ಕನ್ನಡಿಗರ ಸಂಘದ ಸದಸ್ಯರನ್ನು ಹಿಡಿದರೆ ಒಂದು ಥರದ ಮನೆಗಳು, ಪಾಲಿಕೆಯ ಕನ್ನಡ ಶಾಲೆಯಿಂದ ಹಿಡಿದರೆ ಇನ್ನೊಂದು ಥರದ್ದು. ಯಾವ ಬಾಗಿಲಿನಿಂದ ಹೋದೆ ಎಂದು ಬರೆದರೆ ಸಾಕು. "ಮುಂಬೈ ಕನ್ನಡಿಗರು" ಎಂದು ಟೈಟಲ್ ಇಡುವ ಆಸೆ ಬಿಟ್ಟುಬಿಡಬೇಕು.

ಕಣ್ಣಾರೆ ನೋಡುವುದು

ಇದು ನನ್ನ ಪ್ರೀತಿಯ ವಿಧಾನ, ಆದ್ದರಿಂದ ಸ್ವಲ್ಪ ಪಕ್ಷಪಾತ ಇರಬಹುದು.

ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಅವರ ತಂಡ ಮನೆಮನೆಗೆ ಹೋಗಿ, ಮೂಲೆಯಲ್ಲಿ ಕೂತು, ಯಾರು ಯಾರಿಗೆ ಏನು ಮಾಡಿದರು ಎಂದು ಕ್ಷಣಕ್ಷಣಕ್ಕೂ ಗುರುತು ಹಾಕಿಕೊಳ್ಳುತ್ತಿದ್ದರು. ಮನೆಯವರಿಗೆ ಕೆಲವು ನಿಯಮ: ಎಲ್ಲರೂ ಹಾಜರಿರಬೇಕು, ಎರಡು ಕೋಣೆ ಬಿಟ್ಟು ಆಚೆ ಹೋಗಬಾರದು, ಟಿವಿ ಹಾಕಬಾರದು, ನೆಂಟರು ಬರಬಾರದು, ನೋಡಲು ಬಂದವರ ಜೊತೆ ಮಾತಾಡಬಾರದು. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಇಲ್ಲಿನ ಚಾಳುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇಡೀ ಮನೆಯೇ ಒಂದು ಖೋಲಿ. ಬಾಗಿಲು ಹಗಲಿಡೀ ತೆರೆದಿರುತ್ತದೆ, ಪಕ್ಕದ ಮನೆಯ ಕಾಕಿ ಕೇಳದೆಯೇ ಒಳಗೆ ಬರುತ್ತಾರೆ. ಮೂಲೆಯಲ್ಲಿ ಸುಮ್ನೆ ಕೂತವರಿಗೆ ಚಹಾ ಕೊಡದ ಕನ್ನಡದ ಮನೆಯಾದರೂ ಎಲ್ಲಿದೆ?

ಆದರೆ ಹಾಗೆ ಕೂತಿದ್ದರಿಂದ ಪ್ಯಾಟರ್ಸನ್‌ಗೆ ಕಂಡದ್ದು ದೊಡ್ಡದು. ಅದನ್ನು ನಮ್ಮ ಬಿಲ್ಡಿಂಗಿನ ಹುಡುಗನಲ್ಲೇ ತೋರಿಸುತ್ತೇನೆ. ಅವನ ಅಮ್ಮ ಕೇಳಿಕೊಂಡಿದ್ದರಿಂದ ನಾಲ್ಕು ರಾತ್ರಿ ಹೋಗಿ ಕೂತಿದ್ದೆ. ಮುಂಚೆ, ನಡೆದದ್ದು, ಆಮೇಲೆ ಎಂದು ಮೂರು ಕಾಲಂ. ಒಂದು ಸಾಲು ಹೀಗಿದೆ:

ರಾತ್ರಿ 8.10. ಮುಂಚೆ: ಅಮ್ಮ ಮೊಬೈಲ್ ತೆಗೆದುಕೊಂಡು ತಟ್ಟೆ ಇಟ್ಟಳು, ಅನ್ನ ಸಾರು. ನಡೆದದ್ದು: ತಟ್ಟೆ ತಳ್ಳಿದ, ನೆಲಕ್ಕೆ ಬಿದ್ದು ಹೊರಳಿದ, ನಾಲ್ಕು ನಿಮಿಷ ಕಿರುಚಿದ. ಆಮೇಲೆ: ಅಜ್ಜಿ "ಕೊಡು ಮಾರಾಯ್ತಿ, ಪಕ್ಕದವರು ಕೇಳ್ತಾರೆ" ಅಂದರು. ಮೊಬೈಲ್ ವಾಪಸ್. ಊಟ ಆಯ್ತು.

ಇದರಲ್ಲಿ ಹುಡುಗ ಕಲಿತದ್ದು, ನಾಲ್ಕು ನಿಮಿಷ ಕಿರುಚಿದರೆ ಮೊಬೈಲ್ ಬರುತ್ತದೆ. ಅಮ್ಮ ಕಲಿತದ್ದು, ಮೊಬೈಲ್ ಕೊಟ್ಟರೆ ಗಲಾಟೆ ನಿಲ್ಲುತ್ತದೆ. ಇಬ್ಬರಿಗೂ ಆ ಕ್ಷಣಕ್ಕೆ ಲಾಭ, ಆದ್ದರಿಂದ ನಾಳೆ ಮತ್ತೆ ಅದೇ. ಒಬ್ಬರನ್ನೊಬ್ಬರು ಹೀಗೆ ಮಣಿಸುವ ಸುತ್ತು ಮಕ್ಕಳ ಜಗಳಗಂಟತನವನ್ನು ಬೆಳೆಸುತ್ತದೆ ಅನ್ನುವುದೇ ಪ್ಯಾಟರ್ಸನ್ ಹೇಳಿದ್ದು. ಪ್ರಶ್ನಾವಳಿಯಲ್ಲಿ ಇದು "ಆಗಾಗ ಸಿಟ್ಟು ಬರುತ್ತದೆ: 2" ಎಂದಷ್ಟೇ ಕಾಣುತ್ತಿತ್ತು. ಅಜ್ಜಿ ಎಲ್ಲೂ ಬರುತ್ತಿರಲಿಲ್ಲ.

ತೊಂದರೆಗಳೂ ಇವೆ. ಮೊದಲ ರಾತ್ರಿ ಹುಡುಗ ನನ್ನನ್ನು ನೋಡಿ ಬೆಕ್ಕಿನ ಹಾಗೆ ಕೂತಿದ್ದ, ಅಮ್ಮನ ದನಿಯೂ ಮೆತ್ತಗಿತ್ತು. ಹಾಗಾಗಿ ಮೊದಲೆರಡು ಭೇಟಿ ಲೆಕ್ಕಕ್ಕೆ ಹಿಡಿಯಬಾರದು. ಎರಡನೆಯದು, ಒಬ್ಬಳೇ ನೋಡಿದರೆ ನಂಬುವುದು ಹೇಗೆ? ಇನ್ನೊಬ್ಬರು ಬೇರೆಯಾಗಿ ಬರೆದು ಎರಡೂ ಎಷ್ಟು ಹೊಂದುತ್ತವೆ ಎಂದು ನೋಡಬೇಕು. ಕಾಕತಾಳೀಯವಾಗಿ ಹೊಂದಿದ್ದನ್ನು ಕಳೆದು ಹೇಳಲು ಕಪ್ಪಾ ಎಂಬ ಅಳತೆ ಇದೆ. ಮೂರನೆಯದು ಎಣಿಸುವ ಕ್ರಮ. ಕೂತಲ್ಲಿ ಕೂರದಿರುವಂಥ ಸದಾ ನಡೆಯುವ ವರ್ತನೆಗೆ, ಇಷ್ಟಿಷ್ಟು ಸೆಕೆಂಡಿಗೊಮ್ಮೆ ಗುರುತು ಹಾಕುವ ಕ್ರಮ ಒಳ್ಳೆಯದು. ಹೊಡೆಯುವುದು ಕಚ್ಚುವುದು ಅಪರೂಪ, ಅದಕ್ಕೆ ಆದಾಗ ಬರೆಯುವ ಕ್ರಮವೇ ಸರಿ. ಇದನ್ನು ಅದಲುಬದಲು ಮಾಡಿಕೊಂಡು ಖಾಲಿ ಹಾಳೆ ಹಿಡಿದು ಬಂದವರನ್ನು ನೋಡಿದ್ದೇನೆ.

ಅಮ್ಮನ ಡೈರಿ

ಮನೆಯಲ್ಲಿ ಹೋಗಿ ಕೂರಲು ಆಗದಿದ್ದರೆ? 1931ರಲ್ಲೇ ಫ್ಲಾರೆನ್ಸ್ ಗುಡ್‌ಎನಫ್ ಎಂಬ ಮನಶ್ಶಾಸ್ತ್ರಜ್ಞೆ ಇದಕ್ಕೆ ಉಪಾಯ ಮಾಡಿದ್ದರು. ಪುಟ್ಟ ಮಕ್ಕಳ ತಾಯಂದಿರ ಕೈಗೇ ಬರೆಯುವ ಕೆಲಸ ಕೊಟ್ಟರು: ಸಿಟ್ಟು ಬಂದಾಗಲೆಲ್ಲ ಎಷ್ಟು ಹೊತ್ತಿಗೆ, ಯಾಕೆ, ಎಷ್ಟು ಹೊತ್ತು, ನೀವು ಏನು ಮಾಡಿದಿರಿ ಎಂದು. ಊಟದ ಹೊತ್ತು ಹತ್ತಿರವಾದಂತೆ ಸಿಟ್ಟು ಜಾಸ್ತಿ ಎಂದು ಗೊತ್ತಾದದ್ದು ಆ ಡೈರಿಗಳಿಂದ. ತಿಂಗಳ ಕೊನೆಗೆ ನೆನಪಿನಿಂದ ಹೇಳಿ ಎಂದರೆ ತಾಯಿಗೆ ದೊಡ್ಡ ರಂಪಗಳಷ್ಟೇ ನೆನಪಿರುತ್ತವೆ. ಈಗ ಕಾಗದವೂ ಬೇಡ, ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಸಾಕು. ತಾಯಿ ತನ್ನ ಭಾಷೆಯಲ್ಲೇ ಹೇಳುತ್ತಾಳೆ, ತುಳುವೋ ಕನ್ನಡವೋ. ಎರಡು ವಾರಕ್ಕಿಂತ ಜಾಸ್ತಿ ಕೇಳಬೇಡಿ, ಬೇಸತ್ತು ನಿಲ್ಲಿಸುತ್ತಾರೆ.

ಒಂದೇ ಮಗುವಿನ ಕಥೆ

ಕೇಸ್ ಸ್ಟಡಿಯಿಂದ "ಮಕ್ಕಳು ಹೀಗೆ" ಎನ್ನಲು ಬರುವುದಿಲ್ಲ. "ಹೀಗೂ ಆಗಬಹುದು" ಎನ್ನಬಹುದು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹತ್ತಿರ ತಂದು ಭಯ ಬಿಡಿಸಿದ್ದನ್ನು ಮೇರಿ ಕವರ್ ಜೋನ್ಸ್ 1924ರಲ್ಲಿ ಬರೆದರು. ಇವತ್ತಿಗೂ ಭಯ ಬಿಡಿಸುವ ಚಿಕಿತ್ಸೆಯ ಮಾತು ಬಂದರೆ ಆ ಒಬ್ಬ ಹುಡುಗನ ಹೆಸರು ಬರುತ್ತದೆ. ಎಂ.ಎ.ಗೆ ಮಾತ್ರ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಪ್ರಯೋಗ: ಕಾರಣ ಹೇಳುವ ಧೈರ್ಯ ಇರುವುದು ಇದಕ್ಕೆ

"ಮೊಬೈಲ್ ಜಾಸ್ತಿ ನೋಡುವ ಮಕ್ಕಳಲ್ಲಿ ಹಠ ಜಾಸ್ತಿ ಅಂತ ಬಂದ್ರೆ, ಮೊಬೈಲೇ ಕಾರಣ ಅಂತ ಬರೀಬಹುದಲ್ವಾ?" ಎಂದು ಕೇಳಿದಳು. ಬರೆಯಬಾರದು. ಹಠಮಾರಿ ಮಗುವನ್ನು ಸುಮ್ಮನಾಗಿಸಲೆಂದೇ ಮೊಬೈಲ್ ಕೊಡುತ್ತಿರಬಹುದು. ಅಥವಾ ಅಪ್ಪ ಅಮ್ಮ ಇಬ್ಬರೂ ರಾತ್ರಿ ಎಂಟಕ್ಕೆ ಮನೆ ತಲುಪುವುದರಿಂದ ಎರಡೂ ಆಗುತ್ತಿರಬಹುದು. ಯಾವುದು ಎಂದು ಬಿಡಿಸಲು ಒಂದನ್ನು ಬದಲಿಸಿ ನೋಡಬೇಕು.

ಎಲ್ಲರಿಗೂ ಗೊತ್ತಿರುವ ಪ್ರಯೋಗ ಆಲ್ಬರ್ಟ್ ಬಂಡೂರಾ ಅವರದು. 1961, ಸ್ಟ್ಯಾನ್‌ಫರ್ಡ್, 72 ಮಕ್ಕಳು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಬಡಿಯುವುದನ್ನು ಕೆಲವು ಮಕ್ಕಳು ನೋಡಿದರು. ಆಮೇಲೆ ಎಲ್ಲರನ್ನೂ ಆಟಿಕೆಯ ಕೋಣೆಯಲ್ಲಿ ಬಿಟ್ಟು 20 ನಿಮಿಷ, 5 ಸೆಕೆಂಡಿಗೊಮ್ಮೆ ಗುರುತು, ಅಂದರೆ ಮಗುವಿಗೆ 240 ಗುರುತು. ನೋಡಿದವರು ತಾವೂ ಹಾಗೇ ಬಡಿದರು. ಚೊಕ್ಕ ಪ್ರಯೋಗ. ಆದರೆ ಆ ಗೊಂಬೆ ಇರುವುದೇ ಹೊಡೆಸಿಕೊಳ್ಳಲು, ಹೊಡೆದರೆ ಎದ್ದು ನಿಲ್ಲುತ್ತದೆ. ತಮ್ಮನನ್ನು ಹೊಡೆಯುವುದೂ ಅದೂ ಒಂದೇನಾ? ಲ್ಯಾಬಿನ ಪ್ರಯೋಗಕ್ಕೆಲ್ಲ ಈ ಪ್ರಶ್ನೆ ಅಂಟಿಕೊಂಡೇ ಇರುತ್ತದೆ. ಮಿಠಾಯಿ ಮುಂದಿಟ್ಟು "ಕಾದರೆ ಎರಡು" ಎಂದು ವಾಲ್ಟರ್ ಮಿಶೆಲ್ ಮಾಡಿದ ಪರೀಕ್ಷೆಯ ಕಥೆಯೂ ಕೇಳಿರುತ್ತೀರಿ: ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದು ಎಂದು. 2018ರಲ್ಲಿ 900ಕ್ಕೂ ಜಾಸ್ತಿ ಮಕ್ಕಳ ಮಾಹಿತಿಯಲ್ಲಿ ನೋಡಿದಾಗ ಆ ಸಂಬಂಧ ಮೊದಲು ಹೇಳಿದ್ದರ ಅರ್ಧದಷ್ಟೇ ಇತ್ತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಸಣ್ಣದಾಯ್ತು.

ವಿದ್ಯಾರ್ಥಿಯ ಕೈಗೆ ಎಟುಕುವ ಪ್ರಯೋಗ ಬೇರೊಂದಿದೆ. 1969ರಲ್ಲಿ ಅಮೆರಿಕದ ಒಂದು ನಾಲ್ಕನೇ ತರಗತಿಯನ್ನು ಎರಡು ತಂಡ ಮಾಡಿದರು. ಜಾಗ ಬಿಟ್ಟೆದ್ದರೆ, ನಡುವೆ ಮಾತಾಡಿದರೆ ಆ ತಂಡದ ಹೆಸರಿನ ಕೆಳಗೆ ಬೋರ್ಡಿನಲ್ಲಿ ಒಂದು ಗೆರೆ. ಗೆರೆ ಕಡಿಮೆ ಇದ್ದವರಿಗೆ ಸಣ್ಣಪುಟ್ಟ ಬಹುಮಾನ. ಆಟ ಶುರು ಮಾಡಿದಾಗ ಗಲಾಟೆ ಇಳಿಯಿತು, ನಿಲ್ಲಿಸಿದಾಗ ಏರಿತು, ಮತ್ತೆ ಶುರು ಮಾಡಿದಾಗ ಇಳಿಯಿತು. ನೂರು ಮಕ್ಕಳು ಬೇಡ, ಹೋಲಿಸಲು ಇನ್ನೊಂದು ತರಗತಿ ಬೇಡ, ಒಂದೇ ತರಗತಿ ಸಾಕು. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ತರಗತಿಗಳು ಸಣ್ಣವು, ಇದು ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಅನುಮತಿಗೆಂದು ಒಂದು ತಿಂಗಳು ಬೇರೆ ಇಟ್ಟುಕೊಳ್ಳಿ. ಒಂದು ಎಚ್ಚರ: ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ನಿಂತಿದ್ದರೆ ಪರೀಕ್ಷೆಗೆಂದು ಉಪಾಯವನ್ನು ನಿಲ್ಲಿಸಬೇಡಿ.

ವರ್ಷಗಟ್ಟಲೆ ಹಿಂಬಾಲಿಸುವುದು

ನ್ಯೂಜಿಲೆಂಡಿನ ಡ್ಯುನೆಡಿನ್ ಊರಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳನ್ನು ಇವತ್ತಿಗೂ ಬಿಟ್ಟಿಲ್ಲ. 45 ವರ್ಷದವರಾದಾಗಲೂ ಬದುಕಿದ್ದವರಲ್ಲಿ 94% ಮಂದಿ ಬಂದರು. ಬಾಲ್ಯದಿಂದಲೇ ಜಗಳಗಂಟರಾಗಿ ಮುಂದೂ ಹಾಗೇ ಉಳಿಯುವ ಕೆಲವರು ಬೇರೆ, ಹರೆಯದಲ್ಲಿ ಮಾತ್ರ ಹಾದಿ ತಪ್ಪಿ ಆಮೇಲೆ ಸರಿಹೋಗುವ ಹಲವರು ಬೇರೆ ಎಂದು ಟೆರ‍್ರಿ ಮೊಫಿಟ್ 1993ರಲ್ಲಿ ಹೇಳಿದ್ದರ ಹಿಂದೆ ಈ ಅಧ್ಯಯನವಿದೆ. ಒಂದೇ ದಿನದ ಸರ್ವೆಯಲ್ಲಿ ಈ ಎರಡು ಥರದ ಹುಡುಗರು ಅಕ್ಕಪಕ್ಕ ನಿಂತರೆ ಒಂದೇ ಥರ ಕಾಣುತ್ತಾರೆ.

ಮುಂಬೈಯಲ್ಲಿ ಇದು ಕಷ್ಟ. ಬಾಡಿಗೆ ಕರಾರು 11 ತಿಂಗಳದು. ಈ ವರ್ಷ ಡೊಂಬಿವಲಿ, ಬರುವ ವರ್ಷ ಬದ್ಲಾಪುರ, ಆಮೇಲೆ ಊರು. ನಮ್ಮ ಕಡೆ ಇಂಥ ಕೆಲಸ ಇಲ್ಲವೇ ಇಲ್ಲ ಎಂದಲ್ಲ. ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ 1993ರಲ್ಲಿ ಶುರುವಾದ ಅಧ್ಯಯನ ಬಸುರಿಯರ ಆಹಾರದಿಂದ ಹಿಡಿದು ಅವರ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದೆ. ಅದರ ಗಮನ ಪೋಷಣೆ ಮತ್ತು ಸಕ್ಕರೆ ಕಾಯಿಲೆಯ ಮೇಲೆ. ಎರಡು ವರ್ಷದ ಎಂ.ಎ.ಗೆ ಹೊಸದಾಗಿ ಶುರು ಮಾಡುವ ಮಾತೇ ಇಲ್ಲ.

ಒಪ್ಪಿಗೆ

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಪೋಷಕರ ಸಹಿ ಜೊತೆಗೆ 7ರಿಂದ 12 ವರ್ಷದ ಮಗು ಬಾಯಿಮಾತಿನಲ್ಲಿ ಒಪ್ಪಬೇಕು, ಅದಕ್ಕಿಂತ ದೊಡ್ಡವರು ಬರವಣಿಗೆಯಲ್ಲಿ. ನಮ್ಮ ತಾಯಂದಿರು "ನೀವು ಹೇಳಿದ್ರೆ ಆಯ್ತು ಬಿಡಿ" ಎಂದು ಓದದೆ ಸಹಿ ಹಾಕುತ್ತಾರೆ. ಓದಿ ಹೇಳಿ. ಮಗು "ಬೇಡ" ಅಂದರೆ ಅಲ್ಲಿಗೆ ಬಿಟ್ಟುಬಿಡಿ, ಚಾಕೊಲೇಟ್ ತೆಗೆಯಬೇಡಿ.

ಸಂಜೆ ಹೊತ್ತಿಗೆ ಹಾಳೆಯ ಎರಡೂ ಸಾಲು ಬದಲಾಗಿದ್ದವು. ಹನ್ನೆರಡು ಮನೆ, 6ರಿಂದ 8 ವರ್ಷದ ಮಕ್ಕಳು. ಎರಡು ವಾರ ಅಮ್ಮಂದಿರ ವಾಯ್ಸ್ ಡೈರಿ, ಟೀಚರ್‌ಗೆ 25 ವಾಕ್ಯದ ಪಟ್ಟಿ, ಒಪ್ಪಿದ ಮೂರು ಮನೆಗಳಲ್ಲಿ ಊಟದ ಹೊತ್ತಿಗೆ ಹೋಗಿ ಕೂರುವುದು. ಗೈಡ್ ಒಪ್ಪಿದರು. "ಸ್ಯಾಂಪಲ್ ಸಣ್ಣದಾಯ್ತು" ಎಂದು ಗೊಣಗಿದರಂತೆ.

ಮೊನ್ನೆ ಮೊದಲ ಮೆಸೇಜ್ ಬಂತು. ಆ ತಾಯಿಯನ್ನು ಕೇಳಿ ನನಗೂ ಕೇಳಿಸಿದಳು. ಹಿಂದೆ ಕುಕ್ಕರ್ ಸೀಟಿ. "ರಾತ್ರಿ ಏಳು ಐವತ್ತು. ಹೋಮ್‌ವರ್ಕ್ ಪುಸ್ತಕ ಎಸೆದ. ಆಮೇಲೆ ಕೂಗಿದ, ಎರಡು ನಿಮಿಷ ಇರಬಹುದು." ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೊಂದು ಸೀಟಿ. "ಅದಕ್ಕಿಂತ ಮುಂಚೆ ನಾನು ಕೂಗಿದ್ದೆ. ಅದನ್ನೂ ಹೇಳ್ಬೇಕಾ?"